ಖಾಲಿ ಎಂದು ಹೆಸರಿಟ್ಟ ಫೋಲ್ಡರು

ನನ್ನ ಕೀಬೋರ್ಡಿನಲ್ಲಿ ಎಲ್ಲಕ್ಕಿಂತ ಮೊದಲು ಸವೆದದ್ದು ಪಟ್ಟಿಯಲ್ಲಿ ಕೆಳಕ್ಕೆ ಇಳಿಸುವ ಕೀಲಿ. ಅದರ ಮೇಲಿದ್ದ ಬಿಳಿ ಗುರುತು ಅಳಿಸಿಹೋಗಿ ಈಗ ಹುಣಸೆಬೀಜದಷ್ಟು ನುಣ್ಣಗಾಗಿದೆ. ಒಮ್ಮೆ ಒತ್ತಿದರೆ ಪಟ್ಟಿಯ ಮುಂದಿನ ಸದ್ದು ತಾನಾಗಿ ಕೇಳಿಸುತ್ತದೆ. ಮತ್ತೊಮ್ಮೆ ಒತ್ತಿದರೆ ಅದು ಅರ್ಧಕ್ಕೇ ತುಂಡಾಗಿ ಅದರ ಮುಂದಿನದು ಬರುತ್ತದೆ. ಗುಡುಗು, ಗುಡುಗು, ಕುದುರೆ, ಗುಡುಗು, ಶಂಖ, ಯಾವುದೋ ಬಾಗಿಲು, ಗುಡುಗು. ಹೆಚ್ಚಿನ ಸದ್ದುಗಳ ಮೊದಲ ಒಂದು ಸೆಕೆಂಡನ್ನು ಮಾತ್ರ ನಾನು ಬಲ್ಲೆ. ಆಮೇಲೆ ಏನಾಗುತ್ತದೆಂದು ತಿಳಿಯಲು ನಿಂತವನಲ್ಲ.

ಈ ಕೆಲಸ ನಡೆಯುವುದು ಹಾಸನದಲ್ಲಿ, ನಾವಿರುವ ಮನೆಯ ಮಹಡಿಯ ಮೇಲಿನ ಕೋಣೆಯಲ್ಲಿ. ಹೊರಗಿನ ಸದ್ದು ಒಳಗೆ ಬಾರದಂತೆ ಕಿಟಕಿಗೆ ಪ್ಲೈವುಡ್ ಬಡಿದಿದ್ದೇನೆ. ಗೋಡೆಗಳಿಗೆ ಹೊಳೆನರಸೀಪುರದ ನಮ್ಮ ಮನೆಯಿಂದ ತಂದ ಹಳೆಯ ಹತ್ತಿ ಹಾಸಿಗೆಗಳನ್ನು ನೇತುಹಾಕಿದ್ದೇನೆ. ಬೇಸಿಗೆಯಲ್ಲಿ ಅವುಗಳಿಂದ ಬೇರೆ ಬೇರೆ ಜನ ಮಲಗಿ ಎದ್ದ ವಾಸನೆ ಬರುತ್ತದೆ. ಫ್ಯಾನು ಹಾಕುವಂತಿಲ್ಲ, ಅದೂ ಸದ್ದೇ. ಬಾಗಿಲಿನ ಅಂಚಿಗೆ ಸ್ಪಂಜು ಅಂಟಿಸಿರುವುದರಿಂದ ಅದು ಚೌಕಟ್ಟಿನಲ್ಲಿ ಕಚ್ಚಿಕೊಂಡುಬಿಡುತ್ತದೆ. ಹೊರಗೆ ಬರಬೇಕಾದರೆ ಭುಜ ಕೊಟ್ಟು ನೂಕಬೇಕು. ನನ್ನ ಹೆಂಡತಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ಮೊದಲೆಲ್ಲ ಅವಳು ಆ ಕೋಣೆಗೆ ಬರುತ್ತಿರಲಿಲ್ಲ. ಊಟಕ್ಕೆ ಕರೆಯಬೇಕಾದರೆ ಕೆಳಗಿನಿಂದ ಫೋನ್ ಮಾಡುತ್ತಿದ್ದಳು.

ನಾನು ಪೌರಾಣಿಕ ನಾಟಕಗಳಿಗೆ ಪ್ಯಾಡ್ ನುಡಿಸುವವನು. ಹಳ್ಳಿಯವರು ತಾವೇ ಬಣ್ಣ ಹಚ್ಚಿ ಆಡುವ ನಾಟಕಗಳು ಇವು. ಹಾರ್ಮೋನಿಯಂ ಮೇಷ್ಟ್ರು ಅವರಿಗೆ ಹಾಡು, ಮಾತು ಕಲಿಸುತ್ತಾರೆ. ನಾಟಕದ ದಿನ ಮೇಷ್ಟ್ರ ಪಕ್ಕದಲ್ಲಿ ತಬಲದವರು, ಅವರ ಪಕ್ಕದಲ್ಲಿ ನಾನು. ನನ್ನ ಮುಂದೆ ರಬ್ಬರಿನ ಚೌಕಗಳು, ಕೈಯಲ್ಲಿ ಎರಡು ಕೋಲು, ಲ್ಯಾಪ್‌ಟಾಪಿಗೊಂದು ತಂತಿ. ಯಾವ ಚೌಕಕ್ಕೆ ಬಡಿದರೆ ಯಾವ ಸದ್ದು ಹೊರಡಬೇಕೆಂದು ಮೊದಲೇ ಜೋಡಿಸಿಟ್ಟಿರುತ್ತೇನೆ. ಪಾತ್ರಗಳ ಹೆಸರು ಇಲ್ಲಿ ಬೇಡ. ನಮ್ಮ ನಮ್ಮಲ್ಲಿ ಅವರನ್ನು ಕರೆಯುವುದೇ ಗದೆಯವನು, ಬಿಲ್ಲಿನವನು, ಕೊಳಲಿನವನು ಎಂದು.

ನಾಟಕಕ್ಕೆ ಒಂದು ವಾರವೋ ಹತ್ತು ದಿನವೋ ಇರುವಾಗ ಸದ್ದು ಒಪ್ಪಿಸುವುದು ಎಂಬುದೊಂದು ನಡೆಯುತ್ತದೆ. ಬೇರೆ ಸೀಮೆಗಳಲ್ಲಿ ಇದೆಯೋ ಇಲ್ಲವೋ ಕಾಣೆ. ಪಾತ್ರಧಾರಿಗಳೆಲ್ಲ ಊರಿನ ಶಾಲೆಯ ಜಗುಲಿಯಲ್ಲಿ ಸಾಲಾಗಿ ಕೂರುತ್ತಾರೆ. ನಾನು ಒಂದೊಂದೇ ಸದ್ದು ಕೇಳಿಸುತ್ತೇನೆ. ತನಗೆ ಬೇಕಾದ್ದು ಬಂದಾಗ ಪಾತ್ರಧಾರಿ ಕೈಯೆತ್ತಿ 'ಇದು ನಂದು' ಎನ್ನುತ್ತಾನೆ. ಅಲ್ಲಿಗೆ ಮುಗಿಯಿತು. ಅವನು ರಂಗಕ್ಕೆ ಬಂದಾಗಲೆಲ್ಲ ಅದನ್ನೇ ಬಡಿಯಬೇಕು. ಬೇರೆ ಊರಿನ ಗದೆಯವನಿಗೆ ಅದನ್ನು ಕೊಡುವಂತಿಲ್ಲ. ಕೊಟ್ಟರೆ ಸಿಕ್ಕಿಬೀಳುತ್ತೇವೆ, ಯಾಕೆಂದರೆ ಇವರು ಒಬ್ಬರ ನಾಟಕಕ್ಕೆ ಒಬ್ಬರು ತಪ್ಪದೆ ಹೋಗುವವರು. ಒಮ್ಮೆ ಕಟ್ಟಾಯದ ಗದೆಯವನ ಗುಡುಗನ್ನು ಸ್ವಲ್ಪ ದಪ್ಪ ಮಾಡಿ ಹರದನಹಳ್ಳಿಯಲ್ಲಿ ಕೇಳಿಸಿದೆ.

"ಇದು ಕಟ್ಟಾಯದೋನ್ದು ಕಣ್ಲಾ" ಎಂದ ಅಲ್ಲಿಯ ಗದೆಯವನು, ಪಕ್ಕದವನಿಗೆ. ಆಮೇಲೆ ನನ್ನ ಕಡೆ ತಿರುಗಿ, "ಏನ್ ಸಾ, ಅವ್ನು ಉಟ್ಟು ಬಿಚ್ಚಾಕಿದ್ ಪಂಚೆ ನಂಗ್ ಉಡುಸ್ತಿದ್ದೀರಾ?"

ಆದ್ದರಿಂದ ಗುಡುಗುಗಳು ಬೇಕು. ಯಾರೂ ಉಟ್ಟಿರದ ಗುಡುಗುಗಳು. ಡಿಸ್ಕಿನಲ್ಲಿ ಮಾರುವವನ್ನು ಕೊಂಡೆ, ಇಂಟರ್‌ನೆಟ್ಟಿನಿಂದ ಇಳಿಸಿದೆ, ಸಾಲದೆ ನಾನೇ ಮೈಕು ಹಿಡಿದು ಹೊರಟೆ. ಅರಕಲಗೂಡಿನ ಕಡೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನುಗಳಲ್ಲಿ ಬಿಸಿಗಾಳಿ ಹರಿಯಲು ತಗಡಿನ ದಪ್ಪ ಕೊಳವೆಗಳಿರುತ್ತವೆ. ಬೆಂಕಿಯಿಲ್ಲದ ತಿಂಗಳುಗಳಲ್ಲಿ ಅದರೊಳಗೆ ಮೈಕಿಟ್ಟು, ಗೋಣಿ ಸುತ್ತಿದ ಕೋಲಿನಿಂದ ಹೊರಗೆ ಬಡಿದರೆ ಆಕಾಶದ ಗುಡುಗು ತೆಳು ಎನ್ನಿಸುತ್ತದೆ. ಚನ್ನರಾಯಪಟ್ಟಣದಲ್ಲಿ ಲಾರಿಗೆ ತೆಂಗಿನಕಾಯಿ ಸುರಿಯುವಾಗ ಹಲಗೆಯ ಮೇಲೆ ಉರುಳುವ ಸದ್ದು ಸೈನ್ಯ ಓಡಿಬರುವುದಕ್ಕೆ ಸರಿಹೋಗುತ್ತದೆ. ಹೊಳೆನರಸೀಪುರದ ಸೇತುವೆಯ ಕೆಳಗೆ ಹೇಮಾವತಿಯ ನೀರು ಕಂಬಕ್ಕೆ ತಾಗುವ ಸದ್ದು ನೀರಿಗಿಂತ ಹೆಚ್ಚಾಗಿ ಗುಸುಗುಸು ಮಾತಿನ ಹಾಗಿದೆ. ಹೀಗೆ ಸೇರಿ ಸೇರಿ ಅದು ಹತ್ತಾರು ಸಾವಿರವಾಯಿತು.

ಜೋಡಿಸುವ ಬಗೆಯನ್ನು ನಾನು ಎಷ್ಟೋ ಸಲ ಬದಲಿಸಿದ್ದೇನೆ. ಊರಿನ ಪ್ರಕಾರ ಜೋಡಿಸಿದೆ. ಅರ್ಧಕ್ಕೆ ಬಿಟ್ಟು ವಸ್ತುವಿನ ಪ್ರಕಾರ ಶುರುಮಾಡಿದೆ: ತಗಡು, ಮರ, ನೀರು, ಚರ್ಮ. ಅದೂ ಅರ್ಧವಾದಾಗ ಭಾವದ ಪ್ರಕಾರ ಮಾಡಿದರೇನು ಎನ್ನಿಸಿ 'ಕೋಪ', 'ಅನುಮಾನ', 'ಹಸಿವು' ಎಂಬ ಫೋಲ್ಡರುಗಳನ್ನು ಮಾಡಿದೆ. ಈಗ ಕಟ್ಟಾಯದ ಒಳಗೆ ತಗಡಿದೆ, ತಗಡಿನ ಒಳಗೆ ಅನುಮಾನವಿದೆ, ಅನುಮಾನದ ಒಳಗೆ ಮತ್ತೆ ಕಟ್ಟಾಯವಿದೆ. ಒಮ್ಮೆ ಯಾವ ನಾಟಕಕ್ಕೂ ಸೇರದ ಒಂದು ಕೃತಿ ಮಾಡುತ್ತೇನೆಂದು ಹೊರಟು, ಬರೀ ಮೊದಲ ಸೆಕೆಂಡುಗಳನ್ನು ಒಂದಕ್ಕೊಂದು ಹೊಂದಿಸುತ್ತ ಒಂದಿಡೀ ಮಳೆಗಾಲ ಕಳೆದೆ. ಹೆಂಡತಿಗೆ ಕೇಳಿಸಿದಾಗ, "ಬಸ್ಸಿನಲ್ಲಿ ಯಾರೋ ಚಾನೆಲ್ ಬದಲಾಯಿಸ್ತಾ ಕೂತ ಹಾಗಿದೆ" ಎಂದಳು. ಅದು ನಿಜವಾಗಿತ್ತು. ನನಗೆ ಅದೇ ಬೇಕಾಗಿತ್ತು ಎಂದು ಹೇಳುವ ಧೈರ್ಯ ಬರಲಿಲ್ಲ.

ಇನ್ನೊಂದು ಹಟವನ್ನೂ ಹೇಳಬೇಕು, ಮುಂದಿನದೆಲ್ಲ ಅದರಿಂದಲೇ ಆದದ್ದು. ಲ್ಯಾಪ್‌ಟಾಪಿನಲ್ಲಿ ಸದ್ದು ಕೇಳಿಸುವ ಪ್ರೋಗ್ರಾಮು ಪರದೆಯ ಕೆಳಭಾಗದಲ್ಲಿ ಸದ್ದಿನ ಚಿತ್ರವನ್ನೂ ತೋರಿಸುತ್ತದೆ. ಜೋರಾದರೆ ದಪ್ಪ ಹಸಿರು ಗೆರೆ, ಮೆಲ್ಲಗಾದರೆ ತೆಳು. ಕಿವಿಗಿಂತ ಮೊದಲೇ ಕಣ್ಣು ಕೇಳಿಸಿಕೊಂಡುಬಿಡುತ್ತದೆ ಎಂದು ನನಗೆ ಅದರ ಮೇಲೆ ಸಿಟ್ಟು. ಊದುಬತ್ತಿ ಪೆಟ್ಟಿಗೆಯ ರಟ್ಟನ್ನು ಉದ್ದಕ್ಕೆ ಕತ್ತರಿಸಿ, ಗೆರೆ ಕಾಣದಂತೆ ಪರದೆಗೆ ಅಂಟಿಸಿದ್ದೆ. ಆರಿಸುವುದಾದರೆ ಕಿವಿಯಿಂದಲೇ ಆರಿಸಬೇಕು.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಸದ್ದುಗಳನ್ನೆಲ್ಲ ಕೂಡಿಟ್ಟಿದ್ದ ಹಳೆಯ ಹಾರ್ಡ್ ಡಿಸ್ಕು ಒಳಗೊಳಗೇ ಟಿಕ್ ಟಿಕ್ ಎನ್ನತೊಡಗಿತು. ಸಾಯುವ ಮುಂಚೆ ಅವು ಹಾಗೆ ಸದ್ದು ಮಾಡುತ್ತವೆ. ಹೊಸದನ್ನು ತಂದು, ಒಂದೊಂದನ್ನೂ ಕೇಳಿ, ಬೇಕಾದ್ದನ್ನು ಮಾತ್ರ ಅದಕ್ಕೆ ದಾಟಿಸಲು ಕೂತೆ. ಕೆಲವು ಫೈಲುಗಳಲ್ಲಿ ಏನೂ ಕೇಳಿಸಲಿಲ್ಲ. ರೆಕಾರ್ಡು ಕೆಟ್ಟಿದೆ ಎಂದುಕೊಂಡು ಅವುಗಳನ್ನು 'ಖಾಲಿ' ಎಂಬ ಫೋಲ್ಡರಿಗೆ ನೂಕಿದೆ. ಅದು ಬೇಗ ಬೇಗ ತುಂಬಿತು. ಜಾಗ ಸಾಲದೆಂದು ಒಮ್ಮೆ ಅದರಲ್ಲಿದ್ದುದನ್ನೆಲ್ಲ ಅಳಿಸಿಯೂ ಬಿಟ್ಟೆ. ಅದು ಮತ್ತೆ ತುಂಬತೊಡಗಿತು.

ಮೊದಲೇ ಹೇಳಿಬಿಡುತ್ತೇನೆ: ಅವು ಖಾಲಿಯಾಗಿರಲಿಲ್ಲ. ಕೊನೆಯವರೆಗೆ ಬಚ್ಚಿಟ್ಟು ಬೆರಗುಗೊಳಿಸುವ ಕಥೆಗಳು ನನಗೆ ಹಿಡಿಸುವುದಿಲ್ಲ. ಕೆಟ್ಟಿದ್ದು ನನ್ನ ಕಿವಿ. ವರ್ಷಾನುಗಟ್ಟಲೆ ಸ್ಪೀಕರಿನ ಕಂಬದ ಪಕ್ಕದಲ್ಲೇ ಕೂತದ್ದಕ್ಕೆ, ಸಣ್ಣ ದನಿಯ, ಎತ್ತರದ ಶ್ರುತಿಯ ಸದ್ದುಗಳೆಲ್ಲ, ಗೆಜ್ಜೆ, ಜೀರುಂಡೆ, ಬಳೆ, ಒಂದೊಂದಾಗಿ ನನ್ನಿಂದ ಹೊರಟುಹೋಗಿದ್ದವು. ಕಿವಿ ಹೋದ ಪ್ಯಾಡಿನವನನ್ನು ಯಾವ ಮೇಷ್ಟ್ರೂ ಕರೆಯುವುದಿಲ್ಲ. ನನಗೆ ಬೇರೆ ಕೆಲಸ ಬರುವುದಿಲ್ಲ. ಆ ಕೋಣೆಯಲ್ಲಿ ಕೂತು ಆಗ ನನಗೆ ಅನುಮಾನ ಬಂದಿತ್ತೇ? ನೆನೆಸಿಕೊಂಡರೆ ಬಂದಿತ್ತು ಎನ್ನಿಸುತ್ತದೆ. ಈಗ ತಿಳಿದದ್ದು ಹಿಂದಕ್ಕೆ ನಡೆದುಹೋಗಿ ಅಲ್ಲಿ ಕುರ್ಚಿ ಹಾಕಿಕೊಂಡು ಕೂತಿರಬಹುದು. ನಂಬುವಂತಿಲ್ಲ.

ಬಾಗೂರಿನವರ ನಾಟಕ ಬಂತು. ಸದ್ದು ಒಪ್ಪಿಸುವ ದಿನ ಮೇಷ್ಟ್ರು ತಮ್ಮ ಹಳೆಯ ಕಾರಿನಲ್ಲಿ ಕರೆದುಕೊಂಡು ಹೋದರು. ಮಧ್ಯಾಹ್ನದ ಬಿಸಿಲು, ಶಾಲೆಗೆ ರಜೆ, ಜಗುಲಿಯ ಮೇಲೆ ಎಂಟೊಂಬತ್ತು ಜನ. ಗದೆಯವನು ಎರಡನೆಯ ಗುಡುಗಿಗೇ ಕೈಯೆತ್ತಿದ. ಕೊಳಲಿನವನು ನೀರಿನ ಸದ್ದೊಂದನ್ನು ಒಪ್ಪಿದ. ತೊಡಕಾದದ್ದು ಬಿಲ್ಲಿನವನದು. ಅವನು ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ಬಾಗೂರಿನವನು. ಬಣ್ಣ ಹಚ್ಚುವುದು ಇದೇ ಮೊದಲು. ಯಾವುದನ್ನು ಕೇಳಿಸಿದರೂ ತಲೆಯಾಡಿಸಿಬಿಡುತ್ತಿದ್ದ.

"ಇದೆಲ್ಲ ಬಿಲ್ಲು ಬಡ್ದಂಗದೆ ಸಾ" ಎಂದ. "ನಂಗೆ ಬಾಣ ಓದಂಗಿರ್ಬೇಕು."

"ಲೇ, ನಿನ್ ಬಾಣ ಓಗದೇ ಇಲ್ಲ. ಪರದೆ ಇಂದ್ಗಡೆ ಬಿದ್ದೋಯ್ತದೆ. ಅದ್ಕೆಂಥ ಸದ್ದು?" ಎಂದ ಗದೆಯವನು.

"ನೀನ್ ಸುಮ್ಕಿರು. ನಿನ್ ಗದೆ ಒಳ್ಗೆ ಉಲ್ಲು ತುಂಬವ್ರೆ, ಅದ್ಕೆ ಗುಡುಗು ಬೇಕಾಯ್ತು."

ನಾನು ಪಟ್ಟಿಯಲ್ಲಿ ಕೆಳಗೆ ಹೋಗಿ ಒಂದು ಫೈಲು ಆರಿಸಿದೆ. ಟ್ರ್ಯಾಕ್ಟರ್ ಟ್ಯೂಬನ್ನು ಎಳೆದು ಬಿಟ್ಟ ಸದ್ದಿಗೆ, ಮಚ್ಚು ಮಸೆಯುವ ಸಾಣೆಚಕ್ರದ ಸದ್ದನ್ನು ಸೇರಿಸಿ ಮಾಡಿದ್ದು. ಸಾಣೆ ಚನ್ನರಾಯಪಟ್ಟಣದ್ದು ಎಂದು ನನ್ನ ನೆನಪು. ಫೈಲಿನ ಹೆಸರಿನಲ್ಲಿ ಅರಕಲಗೂಡು ಎಂದಿತ್ತು. ಅದನ್ನೇ ಬಡಿದೆ. ಠಂಕ್ ಎಂದಿತು, ಆಮೇಲೆ ಸುಮ್ಮನಾಯಿತು. ಇವರು ಅದನ್ನು ಸವಿಯಲಿ ಎಂದು ನಾನೂ ಸುಮ್ಮನೆ ಕಾದೆ.

ತಲೆಯೆತ್ತಿ ನೋಡಿದರೆ ಗದೆಯವನ ಮುಖ ಹುಣಸೆಹಣ್ಣು ತಿಂದವನ ಹಾಗಿತ್ತು. ಕೊಳಲಿನವನು ಎರಡೂ ಕಿವಿಗೆ ಬೆರಳಿಟ್ಟುಕೊಂಡಿದ್ದ. ಜಗುಲಿಯ ಕೆಳಗೆ ಮಲಗಿದ್ದ ನಾಯಿ ಎದ್ದು ಮೈದಾನ ದಾಟಿ ಹೋಯಿತು. ಅಷ್ಟೊಂದು ಹಿಡಿಸಿತೇ ಎಂದುಕೊಂಡೆ.

"ನಿಲ್ಸಿ ಸಾ" ಎಂದ ಗದೆಯವನು.

"ನಿಂತಿದೆಯಲ್ಲ."

"ಎಲ್ ನಿಂತದೆ? ಕೂಗ್ತಾನೇ ಅದೆ."

"ಅಷ್ಟೇ ಕಣಪ್ಪ ಅದು. ಮುಗೀತು."

"ತಮಾಸೆ ಮಾಡ್ಬೇಡಿ ಸಾ, ಅಲ್ಲೆಲ್ಲ ಜುಂ ಅಂತದೆ" ಎಂದ ಅವನು, ದವಡೆ ಹಿಡಿದುಕೊಂಡು.

ಮೇಷ್ಟ್ರು ಹಾರ್ಮೋನಿಯಂ ಮೇಲಿಂದ ಬಗ್ಗಿ ಸ್ಪೀಕರಿನ ತಂತಿ ಕಿತ್ತರು. ಜಗುಲಿಯ ಮೇಲಿದ್ದ ಎಲ್ಲರ ಭುಜಗಳೂ ಒಟ್ಟಿಗೆ ಕೆಳಗಿಳಿದವು. ನನಗೆ ಮಾತ್ರ ಯಾವುದೂ ಬದಲಾಗಲಿಲ್ಲ. ತಂತಿ ಕೀಳುವ ಮುಂಚೆ ಹೇಗಿತ್ತೋ ಆಮೇಲೂ ಹಾಗೇ ಇತ್ತು, ಅದೇ ಬಿಸಿಲು, ಅದೇ ನಿಶ್ಶಬ್ದ. ಅವರೆಲ್ಲ ನನ್ನನ್ನೇ ನೋಡುತ್ತಿದ್ದರು. ಎಲ್ಲರೂ ಒಂದು ಕೋಣೆಯಿಂದ ಹೊರಗೆ ಬಂದಿದ್ದರು, ನಾನು ಆ ಕೋಣೆಯೊಳಗೆ ಹೋಗಿಯೇ ಇರಲಿಲ್ಲ.

"ಅವ್ರು ಮನೇಲಿ ಎಡ್‌ಫೋನ್ ಆಕ್ಕಂಡೇ ಕೇಳದು" ಎಂದರು ಮೇಷ್ಟ್ರು, ಯಾರ ಮುಖವನ್ನೂ ನೋಡದೆ. "ಈ ಡಬ್ಬ ಸ್ಪೀಕರಲ್ಲಿ ಬಯಲಲ್ಲಿ ಕೂತ್ಕಂಡ್ರೆ ಅವ್ರಿಗೆ ಗೊತ್ತಾಗಕಿಲ್ಲ. ಮುಂದುಕ್ ನಡೀರಿ."

ಆಗ ಬಿಲ್ಲಿನವನು ಕೈಯೆತ್ತಿದ. "ಇದು ನಂದು."

"ಏಯ್, ಜನ ಎದ್ದೋಯ್ತಾರೆ ಕಣ್ಲಾ."

"ಓಗ್ಲಿ ಬುಡು. ಬಾಣ ಬತ್ತಾ ಇದ್ರೆ ಓಡ್ದೆ ನಿಂತ್ಕಂಡು ಆರ ಆಕ್ತಾರಾ?" ಎಲ್ಲರೂ ನಕ್ಕರು. ಅವನು ನಗಲಿಲ್ಲ. "ಇಂಥದು ಯಾರ್ ತಾವೂ ಇಲ್ಲ. ಇದು ನಂದೇ."

ಕೈಯೆತ್ತಿಯಾಗಿತ್ತು. ಬೇರೆ ಕೊಡುತ್ತೇನೆ ಎನ್ನುವಂತಿಲ್ಲ. ಎಂದರೆ ಯಾಕೆಂದು ಹೇಳಬೇಕಾಗುತ್ತದೆ. ಅವನು ರಂಗಕ್ಕೆ ಬಂದಾಗಲೆಲ್ಲ, ನನಗೆ ಕೇಳದ ಒಂದು ಸದ್ದನ್ನು ಊರೆದುರು ಬಡಿದು, ಅದು ಇನ್ನೂ ಇದೆಯೋ ಇಲ್ಲವೋ ತಿಳಿಯದೆ, ಸರಿಯಾದ ಹೊತ್ತಿಗೆ ನಿಲ್ಲಿಸಬೇಕಿತ್ತು.

ಕಾರು ಚನ್ನರಾಯಪಟ್ಟಣ ದಾಟಿತು. ಅಲ್ಲಿ ಇಳಿದು ಟೀ ಕುಡಿದೆವು ಎಂದು ಮೊದಲು ಬರೆದಿದ್ದೆ, ಹೊಡೆದುಹಾಕಿದೆ. ಮೇಷ್ಟ್ರು ಟೀ ಕುಡಿಯುವುದಿಲ್ಲ. ಆ ಲೋಟ ಯಾವುದೋ ಬೇರೆ ದಿನದಿಂದ ಬಂದು ಇಲ್ಲಿ ಸೇರಿಕೊಂಡಿದೆ.

"ಯಾವಾಗಿಂದ?" ಎಂದರು.

"ಏನು?"

"ನನ್ ತಾವ್ಲೇ ಏನು ಅನ್ಬೇಡಿ."

"ಗೊತ್ತಾದದ್ದು ಇವತ್ತು" ಎಂದೆ.

ಮೇಷ್ಟ್ರು ಗೇರು ಬದಲಿಸಿದರು. "ಬಾಗೂರ್ಗೆ ಗೊತ್ತಾದ್ರೆ ಪಟ್ಣಕ್ ಗೊತ್ತಾಯ್ತದೆ. ಪಟ್ಣಕ್ ಗೊತ್ತಾದ್ರೆ ನರಸೀಪುರ, ಅರಕಲಗೂಡು ಎಲ್ಲ ಒಂದೇ ದಿನದ ಕೆಲ್ಸ. ಯಾರ್ಗೂ ಏಳ್ಬೇಡಿ. ನಾಟಕದ್ ದಿನ ನನ್ ಎಡಗೈ ನೋಡ್ಕಳಿ. ಸಾಕು ಅನ್ನುಸ್ದಾಗ ಎತ್ತೀನಿ, ನಿಲ್ಸಿ."

ಮನೆಗೆ ಬಂದು ಮಹಡಿ ಹತ್ತಿ ಪರದೆಯ ಮೇಲಿನ ರಟ್ಟು ಕಿತ್ತೆ. ಗೋಂದು ಒಣಗಿ ಅರ್ಧ ರಟ್ಟು ಗಾಜಿಗೇ ಉಳಿಯಿತು, ಉಗುರಿನಿಂದ ಕೆರೆದೆ. 'ಖಾಲಿ' ತೆರೆದು ಮೊದಲನೆಯದನ್ನು ಒತ್ತಿದೆ. ಏನೂ ಕೇಳಿಸಲಿಲ್ಲ. ಆದರೆ ಕೆಳಗೆ ಉದ್ದಕ್ಕೂ ದಪ್ಪ ಹಸಿರು ಗೆರೆ ಗದ್ದೆಯ ಬದುವಿನ ಹುಲ್ಲಿನ ಹಾಗೆ ಬೆಳೆದು ನಿಂತಿತ್ತು. ಎರಡನೆಯದರಲ್ಲೂ ಹಾಗೇ. ಕೆಳಕ್ಕೆ, ಕೆಳಕ್ಕೆ, ಕೆಳಕ್ಕೆ. ಎಲ್ಲವೂ ಭರ್ತಿ. ಅಳಿಸಿಬಿಟ್ಟಿದ್ದ ಮೊದಲ ಕಂತಿನಲ್ಲಿ ಏನೇನಿತ್ತೆಂದು ಹೇಳಲು ಈಗ ನನ್ನ ನೆನಪೊಂದೇ ಸಾಕ್ಷಿ. ಅಂದರೆ ಸಾಕ್ಷಿಯಿಲ್ಲ.

ಹಾಸನದ ಆಸ್ಪತ್ರೆಯೊಂದರಲ್ಲಿ ಕಿವಿಯ ಪರೀಕ್ಷೆಗೆ ಹೋದೆ. ಅಲ್ಲೂ ಒಂದು ಕೋಣೆ. ನನ್ನದಕ್ಕಿಂತ ಚಿಕ್ಕದು, ಗೋಡೆಗೆ ಸ್ಪಂಜು, ಅಂಚಿಗೆ ರಬ್ಬರು ಹಚ್ಚಿದ ಬಾಗಿಲು. ಒಳಗೆ ಕೂರಿಸಿ, ಕಿವಿಗೆ ಹೆಡ್‌ಫೋನು ಹಾಕಿ, ಕೈಗೊಂದು ಗುಂಡಿ ಕೊಟ್ಟರು. ಸದ್ದು ಕೇಳಿದಾಗ ಒತ್ತಬೇಕು. ಗಾಜಿನಾಚೆ ಪರೀಕ್ಷೆ ಮಾಡುವ ಹುಡುಗಿ ತಲೆ ಬಗ್ಗಿಸಿ ಕೂತಿದ್ದಳು. ಮೊದಮೊದಲು ಕೇಳಿಸಿತು, ಒತ್ತಿದೆ. ಆಮೇಲೆ ತುಂಬ ಹೊತ್ತು ಏನೂ ಬರಲಿಲ್ಲ. ನನ್ನದು ತಾಳದ ಕೈ. ಇಷ್ಟು ಹೊತ್ತಿಗೆ ಒಂದು ಬಂದಿರಬೇಕು ಎಂದು ಲೆಕ್ಕ ಹಾಕಿ ಒತ್ತಿದೆ. ಮತ್ತೆ ಅಷ್ಟೇ ಬಿಟ್ಟು ಮತ್ತೆ ಒತ್ತಿದೆ. ಹೆಡ್‌ಫೋನಿನಲ್ಲಿ ಅವಳ ದನಿ ಬಂತು.

"ಸರ್, ನಾನಿನ್ನೂ ಸೌಂಡ್ ಕೊಟ್ಟಿಲ್ಲ."

ಹೋದದ್ದು ಮರಳಿ ಬರುವುದಿಲ್ಲ, ಉಳಿದದ್ದನ್ನು ನೋಡಿಕೊಳ್ಳಿ ಎಂದರು ವೈದ್ಯರು. ಯಂತ್ರ ಹಾಕಿಕೊಳ್ಳಬಹುದು ಎಂದರು. ಕಿವಿಯಲ್ಲಿ ಯಂತ್ರ ಸಿಕ್ಕಿಸಿಕೊಂಡ ಪ್ಯಾಡಿನವನು ಬಾಗೂರಿನ ಜಗುಲಿಯ ಮುಂದೆ ಕೂತದ್ದನ್ನು ಕಲ್ಪಿಸಿಕೊಂಡೆ. ಆಮೇಲೆ ನೋಡೋಣ ಎಂದು ಬಂದುಬಿಟ್ಟೆ.

ಹೆಂಡತಿಗೆ ಅಂದೇ ಹೇಳಿದೆ. ಅವಳಿಗೆ ಆಶ್ಚರ್ಯವಾಗಲಿಲ್ಲ. "ಕಾಲಿಂಗ್ ಬೆಲ್ ಬದಲಾಯಿಸಿ ಅಂತ ಯಾಕೆ ಹೇಳ್ತಾ ಇದ್ದೆ ಅಂದ್ಕೊಂಡ್ರಿ?" ಎಂದಳು. ಮರುದಿನ ಸಂಜೆ ಶಾಲೆಯಿಂದ ಬಂದವಳು ಕೈಕಾಲು ತೊಳೆದು ಮಹಡಿ ಹತ್ತಿ ಬಂದಳು. ಬಾಗಿಲು ಕಚ್ಚಿಕೊಂಡ ಸದ್ದಿಗೆ ಒಮ್ಮೆ ಹಿಂದೆ ತಿರುಗಿ ನೋಡಿದಳು.

"ಏನ್ರೀ ಇದು, ಉಸಿರಾಡಕ್ಕೂ ಆಗಲ್ಲ."

"ಅಭ್ಯಾಸವಾಗುತ್ತೆ."

"ಆಗಬಾರದು" ಎಂದು ಕೂತಳು.

ನಾನು 'ಖಾಲಿ'ಯಿಂದ ಒಂದೊಂದೇ ಒತ್ತಿದೆ. ಅವಳು ಕೇಳಿಸಿದ್ದನ್ನು ಹೇಳುತ್ತಿದ್ದಳು, ನಾನು ಅದನ್ನೇ ಫೈಲಿಗೆ ಹೆಸರಾಗಿ ಬರೆಯುತ್ತಿದ್ದೆ. ಜೀರುಂಡೆ, ಒಂದಲ್ಲ, ಎರಡು ಕಡೆಯಿಂದ. ಯಾರೋ ಸ್ಟೀಲ್ ಲೋಟ ಒರೆಸುವ ಸದ್ದು. ಒಣಗಿದ ಎಲೆ. ಮೇಕೆಯ ಕೊರಳ ಗಂಟೆ, ಅದು ನಿಲ್ಲುತ್ತೆ, ಮತ್ತೆ ಬರುತ್ತೆ. ಅವಳು ನಿಜ ಹೇಳುತ್ತಿದ್ದಾಳೋ, ನನ್ನನ್ನು ಸಮಾಧಾನ ಮಾಡಲು ಊಹಿಸುತ್ತಿದ್ದಾಳೋ ತಿಳಿಯದೆ ಒಳಗೇ ಇರಿಯುತ್ತಿತ್ತು. ಅವಳಿಗೆ ಕಾಣದಂತೆ ಒಂದು ಖಾಲಿ ಫೈಲು ಮಾಡಿ, ನಿಜವಾಗಿ ಏನೂ ಇಲ್ಲದ್ದು, ನಡುವೆ ಸೇರಿಸಿದೆ.

"ಇದ್ರಲ್ಲಿ ಏನೂ ಇಲ್ಲ" ಎಂದಳು. ಸ್ವಲ್ಪ ತಡೆದು, "ಇದು ಬೇಕಂತ್ಲೇ ಇಟ್ಟಿದ್ದು ಅಲ್ವಾ? ಪ್ರಶ್ನೆಪತ್ರಿಕೆ ತೆಗೆಯೋಳ ಹತ್ರ ಈ ಆಟ ಎಲ್ಲ ಬೇಡ."

ಅದರ ಮುಂದಿನದು ಹೊಳೆನರಸೀಪುರದ ಸೇತುವೆಯ ಕೆಳಗಿನದು. ಅಲ್ಲಿ ನೀರು ಕಡಿಮೆಯಿದ್ದ ಬೇಸಿಗೆಯಲ್ಲಿ ಮಾಡಿದ್ದಿರಬೇಕು, ನನಗೇನೂ ಕೇಳಿಸಲಿಲ್ಲ.

"ಬಳೆ" ಎಂದಳು. "ಗಾಜಿನ ಬಳೆ. ಯಾರೋ ಕೈ ಅಲ್ಲಾಡಿಸ್ತಿದ್ದಾರೆ."

"ನೀನೇ ಅದು. ಮದುವೆಯಾದ ಹೊಸದರಲ್ಲಿ ನಿನ್ನನ್ನು ಕರೆದುಕೊಂಡು ಹೋಗಿದ್ದೆನಲ್ಲ. ಮರಳಿನ ಮೇಲೆ ಕೂತಿದ್ದೆ ನೀನು."

"ನಾನು ಅಲ್ಲಿಗೆ ಬಂದೇ ಇಲ್ಲ."

"ಹಸಿರು ಸೀರೆ ಉಟ್ಟಿದ್ದೆ."

"ನಂಗೆ ಹಸಿರು ಸೀರೆ ಕೊಡಿಸಿದ್ದು ಯಾವಾಗ ಹೇಳಿ ನೋಡೋಣ. ಗಾಜಿನ ಬಳೆನೂ ಹಾಕ್ತಿರ್ಲಿಲ್ಲ, ಪ್ರಾಕ್ಟಿಕಲ್ ಮಾಡಿಸೋವಾಗ ಒಡೆಯುತ್ತೆ ಅಂತ. ಬಟ್ಟೆ ಒಗೆಯೋರು ಯಾರೋ ಇರ್ಬೇಕು."

ನಾನು ಮತ್ತೆ ಒತ್ತಿದೆ. ಅವಳು ಮತ್ತೆ ಕೇಳಿದಳು. ನಾನು ಹಸಿರು ಗೆರೆಯನ್ನು ನೋಡುತ್ತಿದ್ದೆ. ಅದು ಸಣ್ಣ ಸಣ್ಣ ಗುಂಪಾಗಿ ಏಳುತ್ತ ಬೀಳುತ್ತ ಹೋಯಿತು. ಆ ಮರಳು, ಆ ಸೀರೆ, ಸೇತುವೆಯ ನೆರಳು ನನಗೆ ಸ್ಪಷ್ಟವಾಗಿ ಕಾಣುತ್ತಿವೆ. ಅವಳಿಗೆ ಸದ್ದು ಸ್ಪಷ್ಟವಾಗಿ ಕೇಳುತ್ತಿದೆ. ಎರಡೂ ಒಂದೇ ಜಾಗದವೆಂದು ಹೇಳಲು ಯಾರೂ ಇಲ್ಲ. ಫೈಲಿಗೆ 'ಬಳೆ, ಯಾರದೋ' ಎಂದು ಹೆಸರಿಟ್ಟೆ. ಅವಳು ಅದನ್ನು ಓದಿ, ಮುಂದಿನದು ಒತ್ತಿ ಎಂದಳು.

ಬಾಗೂರಿನವರು ಈ ಸಲ ಹಾಸನದ ಸಭಾಂಗಣವೊಂದರಲ್ಲಿ ಹಗಲು ನಾಟಕ ಇಟ್ಟುಕೊಂಡಿದ್ದರು. ಭಾನುವಾರವಾದ್ದರಿಂದ ಹೆಂಡತಿಯೂ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದಳು. ಮೂರು ಕಡೆ ಗೋಡೆ, ಎದುರಿಗೆ ಜನ, ನನ್ನ ಬೆನ್ನಿಗೆ ಸ್ಪೀಕರಿನ ಕಂಬ. ಗುಡುಗುಗಳಿಗೆ ತೊಂದರೆಯಿರಲಿಲ್ಲ, ಗುಡುಗು ನನಗೆ ಇನ್ನೂ ಕೇಳುತ್ತದೆ. ಬಿಲ್ಲಿನವನು ಪರದೆಯ ಪಕ್ಕದಲ್ಲಿ ಕಿರೀಟ ಸರಿಮಾಡಿಕೊಳ್ಳುತ್ತಿದ್ದುದು ಕಂಡಾಗ ಕೋಲು ಎತ್ತಿಕೊಂಡೆ.

ಅವನು ಜಿಗಿದು ರಂಗಕ್ಕೆ ಬಂದ. ನಾನು ಬಡಿದೆ. ಠಂಕ್. ಆಮೇಲೆ ನನಗೆ ನಿಶ್ಶಬ್ದ. ಸಭಾಂಗಣದ ಮುಖಗಳೆಲ್ಲ ಒಂದೇ ಸಲ ಮುದುಡಿಕೊಂಡವು. ಹಿಂದೆ ಮಕ್ಕಳು ಬಾಯಿ ತೆರೆದು ಕುಣಿಯುತ್ತಿದ್ದವು. ನಾನು ಮೇಷ್ಟ್ರ ಎಡಗೈ ನೋಡಿದೆ. ಅದು ಹಾರ್ಮೋನಿಯಮ್ಮಿನ ತಿದಿಯ ಮೇಲೆ ತಣ್ಣಗೆ ಕೂತಿತ್ತು. ಮೇಷ್ಟ್ರು ಪ್ರಸನ್ನರಾಗಿ ನನ್ನ ಕಡೆಗೇ ನೋಡುತ್ತಿದ್ದರು. ಇನ್ನೂ ಸ್ವಲ್ಪ ಇರಲಿ ಎನ್ನುತ್ತಿದ್ದಾರೆ ಎಂದುಕೊಂಡು ಕಾದೆ. ಬಿಲ್ಲಿನವನು ಬಿಲ್ಲನ್ನು ಎತ್ತಿ ಹಿಡಿದು ಅಲ್ಲಾಡದೆ ನಿಂತಿದ್ದ. ಅವನ ಮೊದಲ ಮಾತು ಇನ್ನೂ ಬಂದಿರಲಿಲ್ಲ. ಮುಂದಿನ ಸಾಲಿನ ಮುದುಕರೊಬ್ಬರು ಎದ್ದರು. ಆಗ ಕಂಡಿತು. ಮೇಷ್ಟ್ರ ಎರಡೂ ಕಿವಿಗಳಲ್ಲಿ ಬಿಳೀ ಹತ್ತಿ. ಬಾಣಕ್ಕೆ ಹೆದರಿ ಅವರು ಮೊದಲೇ ತುರುಕಿಕೊಂಡಿದ್ದರು.

ಮುಂದಿನ ಸಾಲನ್ನು ನೋಡಿದೆ. ಹೆಂಡತಿ ಕೂತಲ್ಲಿಂದಲೇ ಕೈಯೆತ್ತಿ, ಬೋರ್ಡು ಒರೆಸುವ ಹಾಗೆ ಗಾಳಿಯಲ್ಲಿ ಒಂದು ಸಲ ಅಡ್ಡಕ್ಕೆ ಎಳೆದಳು. ನಿಲ್ಲಿಸುವ ಚೌಕಕ್ಕೆ ಬಡಿದೆ. ಸಭಾಂಗಣದ ಭುಜಗಳೆಲ್ಲ ಇಳಿದವು. ಆಮೇಲೆ ಚಪ್ಪಾಳೆ ಬಿತ್ತು, ಸೀಟಿ ಬಿತ್ತು ಎಂದು ಅವಳು ಹೇಳುತ್ತಾಳೆ. ಸೀಟಿ ನನಗೆ ತಿಳಿಯಲಿಲ್ಲ. ಅಂದು ಅವನು ಎಷ್ಟು ಸಲ ಬಂದನೋ ಅಷ್ಟು ಸಲವೂ ನಾನು ಅವಳ ಕೈಯನ್ನು ನೋಡಿಯೇ ನಿಲ್ಲಿಸಿದೆ.

"ಅತ್ತಿ ಇಟ್ಕಂಡಿದ್ದು ನೀವು ನೋಡ್ನಿಲ್ವಾ?" ಎಂದರು ಮೇಷ್ಟ್ರು, ಹಾರ್ಮೋನಿಯಂ ಮುಚ್ಚುತ್ತ. "ನಾನು ನಿಮ್ಮುನ್ನೇ ನೋಡ್ತಾ ಕೂತಿದ್ದೆ, ನಿಲ್ಸುದ್ರಾ ಇಲ್ವಾ ಅಂತ."

ವಿಷಯ ಹೊರಗೆ ಬೀಳಲಿಲ್ಲ. ನನಗೆ ಕಿವಿಯಿಲ್ಲ ಎಂದು ಯಾರೂ ಹೇಳಲಿಲ್ಲ. ಅಂಥ ಸದ್ದನ್ನು ಅಷ್ಟು ಹೊತ್ತು ಅಲ್ಲಾಡದೆ ಹಿಡಿದು ನಿಲ್ಲಿಸಿದವನ ಗುಂಡಿಗೆಯೇ ಗುಂಡಿಗೆ ಎಂದು ಚನ್ನರಾಯಪಟ್ಟಣದ ಕಡೆ ಮಾತಾಡುತ್ತಿದ್ದಾರಂತೆ. ನಾನು ತಪ್ಪಿಸಿಕೊಂಡೆ ಎಂದುಕೊಂಡೆ. ಒಂದು ತಿಂಗಳಾಗಿರಬೇಕು, ಅರಕಲಗೂಡಿನ ಕಡೆಯ ಒಬ್ಬನ ಫೋನು ಬಂತು. ತಾನು ಅಲ್ಲಿಯ ಬಿಲ್ಲಿನವನು ಎಂದು ಹೇಳಿಕೊಂಡ. ಅವನ ದನಿ ದಪ್ಪಗಿದ್ದುದರಿಂದ ಪ್ರತಿ ಮಾತೂ ಕೇಳಿಸಿತು.

"ಬಾಗೂರೋನ್ಗೆ ಕೊಟ್ರಂತಲ್ಲ ಸಾ, ಅಂಥದು ಬೇಕು. ಅವ್ನುದ್ ಬ್ಯಾಡ. ಅದ್ಕಿಂತ ಸಣ್ಣಕಿರ್ಬೇಕು."

"ಅದಕ್ಕಿಂತ ಸಣ್ಣದು ಅಂದರೆ ಕಷ್ಟ."

"ನಿಮ್ ತಾವ ಇಲ್ದಿದ್ರೆ ಇನ್ಯಾರ್ ತಾವ ಇದ್ದಾತು? ನಾನೇ ಬಂದು ಕೇಳ್ಕಂಡು ಆರುಸ್ಕತೀನಿ. ಮಧ್ಯಾಹ್ನ ಬರ್ಲಾ?"

ಕೋಣೆಯಲ್ಲಿ ಕೂತೇ ಮಾತಾಡುತ್ತಿದ್ದೆ. ಪರದೆಯ ಮೇಲೆ 'ಖಾಲಿ' ತೆರೆದೇ ಇತ್ತು. ಅರ್ಧಕ್ಕೆ ಹೆಸರಿಟ್ಟಾಗಿತ್ತು, ಉಳಿದರ್ಧಕ್ಕೆ ಬರೀ ಹಸಿರು ಗೆರೆ. ಅವುಗಳಲ್ಲಿ ಯಾವುದು ಸಣ್ಣದು, ಅದಕ್ಕಿಂತ ಸಣ್ಣದು ಯಾವುದು, ನನ್ನಿಂದ ಎಂದೆಂದಿಗೂ ಆರಿಸಲಾಗದು. ಇಲ್ಲ ಎಂದರೆ ಈ ಕೋಣೆಗೆ ಅರ್ಥವಿಲ್ಲ. ಇದೆ ಎಂದರೆ ಅರಕಲಗೂಡಿನವನಾದ ಮೇಲೆ ಇನ್ನೊಬ್ಬ ಬಿಲ್ಲಿನವನು, ಅವನಿಗೆ ಇನ್ನೂ ಸಣ್ಣದು. ಹಾಗೇ ಹೋಗುತ್ತ ಹೋಗುತ್ತ ಕೊನೆಗೆ ಯಾರಿಗೂ ಕೇಳದ್ದೊಂದನ್ನು ನಾನು ಬಡಿಯುತ್ತ ಕೂತಿರಬೇಕಾಗುತ್ತದೆ. ಬಾಗಿಲಿನ ಕಡೆ ನೋಡಿದೆ. ಚೆನ್ನಾಗಿ ಕಚ್ಚಿಕೊಂಡಿತ್ತು.

"ಮಧ್ಯಾಹ್ನ ಬೇಡ" ಎಂದೆ. "ಸಂಜೆ ಬನ್ನಿ. ನನ್ನ ಹೆಂಡತಿ ಶಾಲೆಯಿಂದ ಬಂದಮೇಲೆ."